ತೊಳೆದರೂ ಹೋಗದ ಅರಿಷಿಣ

ಕೂತಲ್ಲಿ ಕೂಡುವ ಜಾಯಮಾನ ನನ್ನದಲ್ಲ, ಅದು ಹುಟ್ಟಾ ಬಂದದ್ದು. ಆದರೆ ಈಗಿನ ಚಡಪಡಿಕೆಯೇ ಬೇರೆ. ರಂಗಂಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಮೆಷಿನ್ ಮುಂದೆ ಕೂತರೂ ಕಿವಿ ಮಾತ್ರ ಓಣಿಯ ಕಡೆಗೇ ಇರುತ್ತದೆ. "ನಳ ಬಂತು" ಎಂದು ಯಾರಾದರೂ ಕೂಗಿದರೆ ಸಾಕು, ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು ಎದ್ದುಬಿಡುತ್ತೇನೆ. ಎದುರು ಮನೆಯ ಖಾಲಾನ ಮೊಮ್ಮಗಳು ಅಂಗಡಿಯಲ್ಲಿ ದಾರದ ರೀಲು ಉರುಳಿಸಿಕೊಂಡು ಆಡುತ್ತಿದ್ದರೆ ಅವಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುತ್ತೇನೆ. ಯಾರ ಮನೆಯಲ್ಲಿ ನೀರು ಕುದಿಯುತ್ತಿದೆ, ಯಾರ ಮನೆಯಲ್ಲಿ ಇಲ್ಲ ಎಂದು ಇಣುಕಿ ನೋಡಿ ಬಾಯಿ ಮಾಡದೆ ನನಗೆ ಸಮಾಧಾನವಿಲ್ಲ. ಗಿರಾಕಿಗಳು ಬೈಯುತ್ತಾರೆ. ಬೈಯಲಿ. ಇದು ಶುರುವಾದದ್ದು ನನ್ನ ತಂಗಿಯ ಕುಬಸದ ವರ್ಷ.

ತಂಗಿಯನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವಳ ಗಂಡನಿಗೆ ಕಡೇಚೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಹತ್ತಿರದಲ್ಲಿ ತಗಡು ಹೊದಿಸಿದ ಬಾಡಿಗೆ ಖೋಲಿ. ಬಸುರಾದ ಮೇಲೆ ಆ ತಗಡಿನ ಕಾವಿಗೆ ಅವಳಿಗೆ ತುತ್ತು ಇಳಿಯದಾಯಿತು. "ಇಲ್ಲೇ ಇದ್ರ ಈಕಿ ಒಣಗಿ ಕಡ್ಡಿ ಆಗ್ತಾಳ" ಎಂದು ಅವ್ವ ಐದನೇ ತಿಂಗಳಿಗೇ ತವರಿಗೆ ಕರೆದುಕೊಂಡು ಬಂದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು ಇಬ್ಬರೇ. ನಾನಾದರೂ ಗಂಡನ ಮನೆಯವರ ಮಾತು ಕೇಳಲಾರದೆ ಹೊಲಿಗೆ ಮೆಷಿನ್ ಸಮೇತ ತಿರುಗಿ ಬಂದವಳು. ಇಬ್ಬರ ಜಗಳ ಬಿಟ್ಟರೆ ಬೇರೆ ಸಪ್ಪಳವಿಲ್ಲದ ಮನೆಯಲ್ಲಿ ಕೂಸು ಅಳುತ್ತದೆ ಎಂಬ ಖುಷಿಗೆ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮ ಓಣಿಯ ನಳದ ವಿಷಯ ಇಲ್ಲೇ ಹೇಳಿಬಿಡಬೇಕು. ನೀರು ಬಂದಾಗ ಬಂತು, ಇಲ್ಲದಾಗ ಇಲ್ಲ. ಬಂದರೂ ಜೋರಿಲ್ಲ. ಅದಕ್ಕೇ ಎಲ್ಲರೂ ಮನೆಯ ಮುಂದೆ ಗುಂಡಿ ತೋಡಿ, ಪೈಪನ್ನು ನೆಲದ ಕೆಳಗೇ ಕೊಯ್ದು, ಆ ಬಾಯಿಗೆ ಕೊಡ ಹಿಡಿಯುತ್ತಾರೆ. ಗುಂಡಿ ಆಳವಾದಷ್ಟೂ ನೀರು ಜೋರು. ಒಬ್ಬರು ಮೊಣಕಾಲುದ್ದ ತೋಡಿದರೆ ಪಕ್ಕದವರು ತೊಡೆಯುದ್ದ ತೋಡುತ್ತಾರೆ. ಒಂದು ಬೇಸಿಗೆಯಲ್ಲಿ ಅವ್ವ ಸೀರೆ ಕಚ್ಚೆ ಹಾಕಿಕೊಂಡು, ಹಾರೆ ಹಿಡಿದು ತಾನೇ ಇಳಿದಳು. ಅವಳು ತೋಡಿದ ಗುಂಡಿಯಷ್ಟು ಆಳದ ಗುಂಡಿ ಓಣಿಯಲ್ಲಿ ಇನ್ನೊಂದಿರಲಿಲ್ಲ. "ನೀರು ಮೊದಲ ನಮ್ಮ ಮನಿಗೇ ಬರ್ತದ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನೀರು ನಿಂತ ಮೇಲೆ ಪೈಪಿನ ಬಾಯಿಗೆ ಬಟ್ಟೆ ಚಿಂದಿ ತುರುಕಿಬಿಡುವುದು, ಅಷ್ಟೇ ಬಂದೋಬಸ್ತು.

ಪಕ್ಕದಲ್ಲೇ ಗಟಾರ. ಬಿಸಿಲೇರಿದರೆ ಗಟಾರದ ಹಂದಿಗಳು ತಂಪಿಗೆಂದು ನಳದ ಗುಂಡಿಗೆ ಬಂದು ಮಲಗುತ್ತಿದ್ದವು. ಅವ್ವ ಕಸಬರಿಗೆ ಎಸೆದು ಓಡಿಸುತ್ತಿದ್ದಳು, ಅವು ಆ ಕಡೆ ಹೋದ ಹಾಗೆ ಮಾಡಿ ಈ ಕಡೆಯಿಂದ ಬರುತ್ತಿದ್ದವು. ನೀರು ಬಂದಾಗ ಮೊದಲು ಬರುವ ರಾಡಿಯನ್ನು ಚೆಲ್ಲಿ, ತಿಳಿಯಾದ ಮೇಲೆ ಕೊಡ ತುಂಬಿ, ಸೀರೆಯ ತುಂಡಿನಿಂದ ಸೋಸಿ ಕುಡಿಯುತ್ತಿದ್ದೆವು. ಕಣ್ಣಿಗೆ ತಿಳಿಯಾಗಿ ಕಂಡರೆ ಆಯಿತು, ಮತ್ತೇನು ನೋಡುವುದಿದೆ ಎಂದುಕೊಂಡಿದ್ದೆವು. ಇಡೀ ಓಣಿ ಹಾಗೇ ಬದುಕುತ್ತಿತ್ತು.

ಎದುರು ಮನೆಯ ಖಾಲಾ ಬಳೆ ಮಾರುವವಳು, ಅವ್ವನ ಜೀವದ ಗೆಳತಿ. ಮನೆಯಲ್ಲಿ ಅವರದು ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಅಪ್ಪ ಸತ್ತಾಗ ಅವ್ವನನ್ನು ತೆಕ್ಕೆಯಲ್ಲಿ ಹಿಡಿದು ಕೂತವಳು ಅವಳೇ. ಆದರೂ ಅವ್ವ ಆ ಮನೆಯಲ್ಲಿ ಒಂದು ಗುಟುಕು ನೀರು ಮುಟ್ಟಿದವಳಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಅವಳ ಮಡಿ ಅವಳಿಗೆ. ಖಾಲಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಅವ್ವ ಹೋದಾಗಲೆಲ್ಲ ಎಲೆ ಅಡಿಕೆ ಮುಂದಿಡುತ್ತಿದ್ದಳು. ಆ ವರ್ಷ ಖಾಲಾನ ಸೊಸೆಯೂ ಬಸುರಿ, ನನ್ನ ತಂಗಿಗಿಂತ ಸ್ವಲ್ಪ ಹಿಂದೆ. ಇಬ್ಬರೂ ಸಂಜೆ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಚೀಪುತ್ತಾ ಏನೇನೋ ಪಿಸುಗುಟ್ಟಿ ನಗುತ್ತಿದ್ದರು.

ಏಳನೇ ತಿಂಗಳಲ್ಲಿ ಕುಬಸ ಇಟ್ಟೆವು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹೊಸ ಕುಬಸ ತೊಡಿಸಿ ಉಡಿ ತುಂಬುವ ಶಾಸ್ತ್ರ. ಆ ವಾರವಿಡೀ ಸಂಜೆ ಮುತ್ತೈದೆಯರು ಬಂದು ಬಸುರಿಯ ಕೆನ್ನೆಗೆ, ಕೈಗೆ, ಕಾಲಿಗೆ ಅರಿಷಿಣ ಹಚ್ಚಿ ಹೋಗುವುದು ನಮ್ಮ ಓಣಿಯ ಪದ್ಧತಿ. ಕುಬಸ ಹೊಲಿಯುವ ಕೆಲಸ ನನ್ನದೇ ತಾನೆ? ಅಂಚಿಗೆ ಜರಿ ಇಟ್ಟು, ಬೆನ್ನಿಗೆ ನವಿಲು ತೆಗೆದು ಹೊಲಿದಿದ್ದೆ. ತೊಡಿಸಿ ನೋಡಿದರೆ ಹೊಟ್ಟೆಯ ಹತ್ತಿರ ಸರಿ, ತೋಳು ಜೋತು ಬಿತ್ತು.

"ಊಟ ಮಾಡಾಕತ್ತೀಯೋ ಇಲ್ಲೋ?" ಎಂದು ಗದರಿದೆ. "ಮೊನ್ನಿ ಅಳತಿ ತೊಗೊಂಡಾಗ ಬಿಗಿ ಇತ್ತು, ಈಗ ನೋಡು, ನನ್ನ ಎರಡು ಬೆರಳು ಹಿಡೀತಾವ."

"ಒಲ್ಲೆ ಅಕ್ಕ, ಅನ್ನದ ವಾಸನಿ ಬಂದ್ರ ಸಾಕು, ಹೊಟ್ಟಿ ತೊಳಸ್ತದ" ಎಂದಳು. ಮಾತಿನಲ್ಲಿ ತ್ರಾಣವಿರಲಿಲ್ಲ. ಅವ್ವ ಒಳಗಿನಿಂದಲೇ ಕೂಗಿದಳು: "ಬಸುರಿದ್ದಾಗ ವಾಂತಿ ಬರಲಾರದ ಮತ್ತ್ಯಾವಾಗ ಬರ್ತದ? ನೀ ಸುಮ್ನ ತೋಳು ಹಿಡಿಸು." ಇನ್ನೊಂದು ಹೊಲಿಗೆ ಹಾಕಿ ತೋಳು ಹಿಡಿಸಿದೆ.

ಕುಬಸ ಚೆಂದವಾಗಿಯೇ ಆಯಿತು. ಖಾಲಾ ಬಂದು ಮುಂಗೈ ತುಂಬ ಹಸಿರು ಬಳೆ ಇಟ್ಟಳು. ಬಂದವರೆಲ್ಲ "ಮಾರಿ ಮ್ಯಾಲ ಎಷ್ಟು ಕಳಾ ಬಂದದ ನೋಡ್ರಿ" ಎಂದರು. ತಂಗಿ ಕಣ್ಣು ಕೆಳಗೆ ಹಾಕಿಕೊಂಡು ಕೂತೇ ಇದ್ದಳು, ನಾಚಿಕೆ ಎಂದುಕೊಂಡೆವು. ಊಟವಾದ ಮೇಲೆ ಅವ್ವ ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ ಕಟ್ಟಿ ಖಾಲಾನ ಸೊಸೆಗೂ ಕಳಿಸಿದಳು. ಮಂದಿ ಕರಗಿದ ಮೇಲೆ ತಂಗಿ ನನ್ನ ಸೆರಗು ಜಗ್ಗಿದಳು.

"ಅಕ್ಕ, ಮೈಯೆಲ್ಲಾ ಕಡೀತದ. ಈ ಅರಿಷಿಣ ತೊಳದುಬಿಡು."

ಬಚ್ಚಲಲ್ಲಿ ಕೂಡಿಸಿ ಬಿಸಿನೀರು ಹಾಕಿ ಕಡಲೆಹಿಟ್ಟಿನಿಂದ ತಿಕ್ಕಿದೆ. ಹಳದಿ ನೀರು ಹರಿದು ಹೋಯಿತು. ಇನ್ನೊಂದು ತಂಬಿಗೆ ಹಾಕಿದೆ, ನೀರು ತಿಳಿಯಾಯಿತು. ಕೈ ಮಾತ್ರ ಹಳದಿಯೇ ಇತ್ತು. ಸಾಬೂನು ಹಚ್ಚಿ ತಿಕ್ಕಿದೆ. "ಘಟ್ಟಿ ಅರಿಷಿಣ ಅದು, ಹಂಗ ಲಗೂನ ಹೋಗಂಗಿಲ್ಲ" ಎಂದು ಅವ್ವ ಹೊಸ್ತಿಲಲ್ಲಿ ನಿಂತು ಮೆಚ್ಚಿಕೆಯಿಂದ ಹೇಳಿದಳು. ನಾನು ತಿಕ್ಕುತ್ತಲೇ ಇದ್ದೆ, ತಂಗಿ "ಉರೀತದ ಅಕ್ಕ, ಸಾಕು" ಎಂದಳು. ಸೀರೆ ಸಡಿಲಿಸಿ ಹೊಟ್ಟೆಯ ಮೇಲೆ ನೀರು ಹಾಕಿದೆ. ಹೊಟ್ಟೆಯೂ ಹಳದಿ. ಹೊಟ್ಟೆಗೆ ಯಾರೂ ಅರಿಷಿಣ ಹಚ್ಚಿರಲಿಲ್ಲ.

ತಂಬಿಗೆ ಕೆಳಗಿಟ್ಟೆ. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಬಿಳಿ ಇರಬೇಕಾದ ಜಾಗ ಮಾಗಿದ ಲಿಂಬೆಯ ಸಿಪ್ಪೆಯ ಹಾಗಿತ್ತು.

"ಅಯ್ಯ ಶಿವನೆ, ಕಾಮಣಿ!" ಎಂದು ಅವ್ವ ಅಲ್ಲೇ ಕುಸಿದಳು. ಮರುಗಳಿಗೆಗೇ ಎದ್ದು ನಿಂತು ಹೇಳಿದಳು, ಐತವಾರ ಒಂದು ಹಳ್ಳಿಯಲ್ಲಿ ಎಲೆಯ ರಸ ಹಾಲಿನಲ್ಲಿ ಹಾಕಿ ಕೊಡುತ್ತಾರೆ, ಮೂರು ಗುಟುಕಿಗೆ ಇಳಿಯುತ್ತದೆ, ಅಲ್ಲಿಯವರೆಗೆ ಎಣ್ಣೆ ಉಪ್ಪು ಬಿಡಿಸೋಣ ಎಂದು. ನನ್ನ ಮೈಯೆಲ್ಲ ಉರಿದು ಹೋಯಿತು. "ಐತವಾರದ ತನಕ ಕಾಮಣಿ ಕಾಯ್ತದೇನು? ನೀ ಬೇಕಾದ್ರ ಹೋಗಿ ಆ ಹಾಲು ಕುಡಿ, ಈಕಿನ್ನ ನಾ ಒಯ್ತೇನಿ!" ಎಂದು ಚೀರಿದೆ. ನನ್ನ ಬಾಯಿ ಕೇಳಿ ಖಾಲಾ ಓಡಿ ಬಂದಳು, ತಂಗಿಯನ್ನು ಒಂದು ಸಲ ನೋಡಿದಳು, ಹೋಗಿ ಟಂಟಂ ಆಟೋ ಕರೆತಂದಳು.

ಸುರಪುರದ ದವಾಖಾನೆಯ ಡಾಕ್ಟರು ತಂಗಿಗೆ ಇವತ್ತು ಯಾವ ವಾರ ಎಂದು ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲವೆಂಬಂತೆ ನನ್ನ ಮುಖ ನೋಡಿದಳು. ಅವರು ಪೆನ್ನು ಕೆಳಗಿಟ್ಟರು. "ಯಾದಗಿರಿಗೆ ಒಯ್ರಿ, ಈಗಿಂದೀಗ. ಬಸುರಿಗೆ ಇದು ಹಗುರ ಅಲ್ಲ. ದಾರ್ಯಾಗ ನಿದ್ದಿ ಹತ್ತಗೊಡಬ್ಯಾಡ್ರಿ, ಮಾತಾಡಿಸ್ಕೋತ ಹೋಗ್ರಿ."

ಅವರು ಕೊಡಿಸಿದ ಆಂಬುಲೆನ್ಸಿನಲ್ಲಿ ನಾನು ಆಡದ ಮಾತಿಲ್ಲ. ಅವಳು ಚಿಕ್ಕವಳಿದ್ದಾಗ ನನ್ನ ರಿಬ್ಬನ್ ಕದ್ದದ್ದು, ಶಾಲೆಯ ಗೋಡೆ ಹಾರಿ ಸಿಕ್ಕಿಬಿದ್ದದ್ದು, ಅವಳ ಗಂಡ ಹೆಣ್ಣು ನೋಡಲು ಬಂದಾಗ ಚಹಾದಲ್ಲಿ ಸಕ್ಕರೆ ಮರೆತದ್ದು. ಬಾಯಿ ಒಣಗಿತು, ಬಿಡಲಿಲ್ಲ. ಕಣ್ಣು ಮುಚ್ಚಿದರೆ ಕೆನ್ನೆಗೆ ತಟ್ಟುತ್ತಿದ್ದೆ. ಅವ್ವ ಕಾಲಿನ ಹತ್ತಿರ ಕೂತು ಲಿಂಗ ಹಿಡಿದುಕೊಂಡು ತುಟಿ ಆಡಿಸುತ್ತಿದ್ದಳು. ಶಹಾಪುರ ಬಂದಾಗ ಕಿಟಕಿಯಲ್ಲಿ ಆ ಗುಡ್ಡ ಕಂಡಿತು, ಬುದ್ಧ ಮಲಗಿದಂತೆ ಕಾಣುತ್ತದಲ್ಲ, ಅದು. ಸಣ್ಣವಳಿದ್ದಾಗ ಬಸ್ಸಿನಲ್ಲಿ ಹೋದರೆ ಅದನ್ನು ಮೊದಲು ಯಾರು ನೋಡುತ್ತೇವೆಂದು ನಮ್ಮಿಬ್ಬರಿಗೂ ಪೈಪೋಟಿ ಇರುತ್ತಿತ್ತು.

"ಏಳಲೇ, ಗುಡ್ಡ ಬಂತು ನೋಡು!"

"ಯಾವ ಗುಡ್ಡ?" ಎಂದಳು.

ಶಹಾಪುರದಿಂದ ಭೀಮಾ ನದಿಯ ಸೇತುವೆಯವರೆಗೆ ನಾನು ಏನು ಮಾತಾಡಿದೆನೋ ನೆನಪಿಲ್ಲ, ಬಹುಶಃ ಬೈದೆ. ಬೈದರಾದರೂ ಸಿಟ್ಟಿಗೆದ್ದು ತಿರುಗಿ ಮಾತಾಡುತ್ತಾಳೆ ಎಂಬ ಆಸೆ.

ಯಾದಗಿರಿಯಲ್ಲಿ ಅವಳ ಗಂಡ ಕಡೇಚೂರಿನಿಂದ ಕೆಲಸದ ಬಟ್ಟೆಯಲ್ಲೇ ಬಂದು ನಿಂತಿದ್ದ. ರಕ್ತ ತೆಗೆದರು, ಸಲೈನ್ ಹಚ್ಚಿದರು. ಅಲ್ಲಿನ ಡಾಕ್ಟರಮ್ಮ ಮೈಸೂರು ಕಡೆಯವರು. ಮರುದಿನ ರಿಪೋರ್ಟ್ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದು ಹೆಪಟೈಟಿಸ್ ಇ. ಲಿವರ್‌ಗೆ ಬರೋ ವೈರಸ್ಸು. ಬೇರೆಯವರಿಗಾದ್ರೆ ಎಷ್ಟೋ ಸಲ ಬಂದಿದ್ದೂ ಗೊತ್ತಾಗಲ್ಲ, ತಾನೇ ಹೋಗತ್ತೆ. ಗರ್ಭಿಣಿಗೆ ಮಾತ್ರ ತುಂಬಾ ಕಷ್ಟ. ಇದಕ್ಕೇ ಅಂತ ಔಷಧ ಇಲ್ಲ, ಮೈ ತಾನೇ ಗೆಲ್ಲಬೇಕು, ನಾವು ಕಾಯಬೇಕು."

"ಎಲ್ಲಿಂದ ಬಂತ್ರಿ ಇದು?" ಎಂದೆ.

"ನಮ್ಮಲ್ಲಿ ಹೆಚ್ಚಾಗಿ ನೀರಿಂದ. ಮನುಷ್ಯರ ಹೊಲಸು ಕುಡಿಯೋ ನೀರಿಗೆ ಸೇರಿದ್ರೆ ಬರತ್ತೆ. ಪ್ರಾಣಿಗಳಲ್ಲೂ ಈ ವೈರಸ್ ಇರತ್ತೆ, ಹಂದಿ, ಕಾಡುಹಂದಿ, ಜಿಂಕೆ. ಕೆಲವು ಜಾತಿಯ ವೈರಸ್ ಅಲ್ಲಿಂದ ಮನುಷ್ಯರಿಗೂ ದಾಟತ್ತೆ. ನಿಮಗೆ ಯಾವುದರಿಂದ ಅಂತ ಇಲ್ಲಿ ಕೂತು ನಾನು ಹೇಳಕ್ಕಾಗಲ್ಲಮ್ಮ. ನೀವು ಕುಡಿಯೋ ನೀರು ಎಲ್ಲಿದು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತಳು. ಉಳಿದದ್ದೇನೂ ಅವಳ ಕಿವಿಗೆ ಬಿದ್ದಿರಲಿಲ್ಲ, ಹಂದಿ ಎಂಬುದೊಂದೇ ಬಿದ್ದಿತ್ತು. "ನಮ್ಮ ಮನ್ಯಾಗ ತತ್ತಿ ಸೈತ ಒಡಿಯಂಗಿಲ್ಲರಿ ಬಾಯಾರ! ಹಂದಿ ಅಂತೀರಲ್ಲ!" ಎಂದು ಹೊರಗೆ ನಡೆದಳು. ವರಾಂಡದಲ್ಲಿ ನನ್ನ ರಟ್ಟೆ ಹಿಡಿದುಕೊಂಡು, "ಆ ಹೊಲಸು ಹೆಸರು ನಿನ್ನ ಬಾಯಾಗ ಬರಬಾರ್ದು. ಬೀಗರು ಕೇಳಿದ್ರೂ ಅಷ್ಟ, ಓಣ್ಯಾಗ ಕೇಳಿದ್ರೂ ಅಷ್ಟ. ಉಷ್ಣಾಗ್ಯದ ಅಂತ ಹೇಳು" ಎಂದಳು.

"ಹಂದಿ ಮಲಗೋದು ಯಾರ ಗುಂಡ್ಯಾಗ ಅವ್ವ?" ಎಂದು ಕೇಳಿದೆ. ಅವ್ವ ನನ್ನ ಕೈ ಬಿಟ್ಟು ಮುಖ ತಿರುಗಿಸಿಕೊಂಡಳು.

ಕಾಯುವುದೆಂದರೆ ನನಗೆ ಬಾರದ ವಿದ್ಯೆ. ವರಾಂಡದ ಆ ತುದಿಯಿಂದ ಈ ತುದಿಗೆ ನಡೆದೆ, ನರ್ಸ್ ಬೈದರೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಡೆದೆ. ಅವಳ ಗಂಡ ಗೋಡೆಗೆ ಹಣೆ ಹಚ್ಚಿ ನಿಂತವನು ನಿಂತೇ ಇದ್ದ. ಕೂಸು ಹೊಟ್ಟೆಯಲ್ಲೇ ಹೋಯಿತು. ಗಂಡು ಕೂಸು. ಡಾಕ್ಟರಮ್ಮ ಹೊರಗೆ ಬಂದು ಅವ್ವನ ಭುಜ ಮುಟ್ಟಿ, "ತಾಯಿ ಉಳಿದ್ರೆ ಸಾಕು ಅಂತ ಬೇಡ್ಕೊಳಿ" ಎಂದರು. ನಾನು ಹೊಲಿದ ಜರಿಯ ಕುಬಸ ಹೊರಡುವ ಗಡಿಬಿಡಿಯಲ್ಲಿ ನನ್ನ ಚೀಲ ಸೇರಿತ್ತು. ಅದನ್ನು ಬಾಯಿಗೆ ಒತ್ತಿಕೊಂಡು ಬಚ್ಚಲುಮನೆಯಲ್ಲಿ ನಿಂತು ಅತ್ತೆ.

ತಂಗಿ ಉಳಿದಳು. ನಿಧಾನಕ್ಕೆ ಮಂಪರು ಇಳಿಯಿತು, ಹೆಸರು ಹಿಡಿದು ಕರೆದರೆ ತಿರುಗಿ ನೋಡತೊಡಗಿದಳು. ಕೂಸಿನ ವಿಷಯ ಅವಳ ಗಂಡನೇ ಹೇಳಿದ. ಅವಳು ಅಳಲಿಲ್ಲ. ಹೇಗೆ ಬಂತು ಎಂದು ಕೇಳಿದಳು, ನಾನು ನೀರಿನಿಂದ ಎಂದೆ. ಅವತ್ತಿನಿಂದ ನೀರು ಮುಟ್ಟಲಿಲ್ಲ. ಕುದಿಸಿ ಆರಿಸಿದ ನೀರು ಎಂದರೂ ಇಲ್ಲ, ಸೀಲು ಹಾಕಿದ ಬಾಟಲಿ ಅವಳ ಎದುರೇ ಒಡೆದರೂ ಇಲ್ಲ, ತುಟಿ ಬಿಗಿ ಹಿಡಿದು ಗೋಡೆಗೆ ಮುಖ ಮಾಡುತ್ತಿದ್ದಳು. ತುಟಿ ಒಡೆದು ರಕ್ತ ಬಂತು. "ಎಷ್ಟು ದಿನ ಸಲೈನ್ ಮೇಲೆ ಇಡಕ್ಕಾಗತ್ತೆ? ಬಾಯಿಂದ ಕುಡಿಸಿ" ಎಂದು ಡಾಕ್ಟರಮ್ಮ ನನಗೆ ಬೈದರು. ಬೇಡಿಕೊಂಡೆ, ರಮಿಸಿದೆ, ಸಿಟ್ಟಿಗೆದ್ದು ಲೋಟ ಗೋಡೆಗೆ ಎಸೆದೆ. ಏನು ಮಾಡಿದರೂ ಅಷ್ಟೇ.

ಖಾಲಾ ದಿನಾ ಫೋನ್ ಮಾಡುತ್ತಿದ್ದಳು. ಫೋನ್ ಅವ್ವನೇ ಎತ್ತಿ, "ಉಷ್ಣಾಗಿತ್ತವಾ, ಕೂಸು ದಕ್ಕಲಿಲ್ಲ, ನಮ್ಮ ಹಣೆಬರಹ" ಎಂದು ಇಟ್ಟುಬಿಡುತ್ತಿದ್ದಳು. ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಒಂದು ದಿನ ಅವ್ವ ಹಾಗೇ ಹೇಳಿ ಫೋನ್ ಇಟ್ಟಾಗ ತಂಗಿ ಮಲಗಿದಲ್ಲಿಂದಲೇ ಕೇಳಿದಳು.

"ಅವ್ವ, ಖಾಲಾನ ಸೊಸಿಗಿ ನೀರಿನ ವಿಷಯ ಹೇಳ್ಯೇನು?"

ಅವ್ವ ಫೋನನ್ನು ಸೆರಗಿನಿಂದ ಒರೆಸತೊಡಗಿದಳು.

"ಆಕೀದು ಇನ್ನ ಹೊಟ್ಟ್ಯಾಗ ಅದ ಅವ್ವ. ಆಕೀನೂ ನಮ್ಮ ಪೈಪಿನ ನೀರೇ ಕುಡಿಯಾಕತ್ತಾಳ."

ಅಷ್ಟೇ ಹೇಳಿದಳು, ಮತ್ತೆ ಗೋಡೆಗೆ ತಿರುಗಿದಳು. ನಾನು ಫೋನಿಗೆ ಕೈ ಹಾಕಿದೆ. ಅವ್ವ ಕಸಿದುಕೊಂಡು ಮಂಚದ ಮೇಲಿಟ್ಟಳು. "ಫೋನಿನಾಗ ಹೇಳೋ ಮಾತಲ್ಲ ಅದು" ಎಂದು ಸೆರಗು ಬಿಗಿದು ಎದ್ದು ಹೋದಳು. ಎಲ್ಲಿಗೆ ಎಂದು ಕೂಗುತ್ತಾ ಬೆನ್ನು ಹತ್ತಿದೆ. ಹೊರಗೆ ಬಂದು ನೋಡುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟಿದ್ದಳು, ಜೀವಮಾನದಲ್ಲಿ ಒಬ್ಬಳೇ ಬಸ್ಸು ಹತ್ತದ ಹೆಂಗಸು.

ಸಂಜೆ ಖಾಲಾನ ಫೋನ್ ಬಂತು. ತಂಗಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಬೇಟಾ, ನಿಮ್ಮವ್ವಗ ಏನಾಗ್ಯದ? ಬಂದಾಕಿನೇ ಸೀದಾ ನಮ್ಮ ಅಡಗಿಮನಿಗಿ ಹೊಕ್ಕಾಳ. ನಮ್ಮ ಕೊಡ, ಹಂಡೆ ಎಲ್ಲಾ ತೊಗೊಂಡು ಹೊರಗ ಬೋರಲ ಹಾಕ್ಯಾಳ! ಓಣಿ ಮಂದಿ ಎಲ್ಲಾ ಕೂಡಿತು. ಎಲ್ಲಾರ ಮುಂದ ನಿಂತು ಅಂದಳು: ಉಷ್ಣ ಅಲ್ಲ, ನಾ ಸುಳ್ಳು ಹೇಳೇನಿ. ಹೊಲಸು ನೀರಿಂದ ಬಂದ ಬ್ಯಾನಿ ಅದು. ಮಂದೀ ಹೊಲಸೋ, ಹಂದೀ ಹೊಲಸೋ, ಡಾಕ್ಟರಿಗೂ ಗೊತ್ತಿಲ್ಲ. ಹುಡುಗ್ರು ಬಡಿಗಿ ತೊಗೊಂಡು ಹಂದಿ ಹೊಡ್ಯಾಕ ಓಡಿದ್ರು. ಅದಕ್ಕ ಚೀರಿದಳು, ಹಂದಿ ಏನು ಮಾಡ್ಯಾವ, ಗುಂಡಿ ತೋಡಿದವರು ನಾವು ಅಂತ. ಸಲಿಕಿ ತಂದು ಮೊದಲ ನಿಮ್ಮ ಗುಂಡೀನೇ ಮುಚ್ಚಾಕ ಹತ್ಯಾಳ ನೋಡು, ಅಷ್ಟು ಆಳದ್ದು, ಒಬ್ಬಾಕಿನೇ!"

ತಂಗಿ ನಿಧಾನಕ್ಕೆ ಈ ಕಡೆ ಹೊರಳಿದಳು.

ಖಾಲಾನ ದನಿ ಸಣ್ಣದಾಯಿತು. "ಅದಕ್ಕ ಮೊದಲ ಇನ್ನೊಂದು ಮಾಡ್ಯಾಳ ಬೇಟಾ. ನಮ್ಮ ಒಲಿ ಮ್ಯಾಲ ತಾನ ನೀರು ಇಟ್ಟು, ಕುದಿಸಿ, ಆರಿಸಿ, ಲೋಟಾದಾಗ ಹಾಕಿ ನಮ್ಮ ಬಹುಗ, ಸೊಸಿಗಿ ಕೊಟ್ಟಳು. ನಮ್ಮ ಹುಡುಗಿ ಅಂಜಿ ಹಿಂದಕ್ಕ ಸರೀತು. ಆಗ ನಿಮ್ಮವ್ವ ಆ ಲೋಟಾ ಎತ್ತಿ ತಾನ ಕುಡದಳು. ನಮ್ಮ ಮನ್ಯಾಗ. ನಮ್ಮ ಲೋಟಾದಾಗ. ಇಷ್ಟು ವರ್ಷದಾಗ ಒಂದು ಹನಿ ಮುಟ್ಟಿದ್ದಿಲ್ಲ ಆಕಿ. ಕುಡದು, ಬಹುನ ಹೊಟ್ಟಿ ಮ್ಯಾಲ ಕೈ ಇಟ್ಟು ಅಂದಳು, ನನ್ನ ಮಗಳ ಕೂಸು ಹೋತವ್ವ, ನಿನ್ನದರ ಉಳೀಲಿ, ಇದನ್ನ ಕುಡಿ ಅಂತ."

ತಂಗಿಯ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯುತ್ತಿತ್ತು, ಕೂಸು ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಬಹಳ ಹೊತ್ತು ಅತ್ತಳು. ಆಮೇಲೆ ಒಡೆದ ತುಟಿ ನೆಕ್ಕಿಕೊಂಡು ನನ್ನ ಕಡೆ ನೋಡಿದಳು.

"ಅಕ್ಕ, ನೀರು ಕೊಡು."

ಲೋಟಕ್ಕೆ ಹಾಕುವ ಅವಸರದಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅವಳು ಎದ್ದು ಕೂತು, ಉಳಿದದ್ದನ್ನು ಎರಡೂ ಕೈಯಿಂದ ಹಿಡಿದು ಕುಡಿದಳು.